ಗಂಧದ ಬೀದಿಯ ನೆರಳು

ನನ್ನ ಮಗಳು ಅಂಬಿಕಾ ಒಂದನೆಯ ತರಗತಿಯಿಂದಲೂ ಶಾಲೆಗೆ ನಡೆದದ್ದು ಗಂಧದ ಬೀದಿಯ ಕಂಬಸಾಲಿನ ನೆರಳಿನಲ್ಲಿ. ಆ ಕಂಬಸಾಲು ಉರುಳಿ ನಾನೂರು ವರ್ಷಗಳ ಮೇಲಾಗಿದೆ. ಕಂಬಗಳು ಅಡ್ಡಾದಿಡ್ಡಿ ಮಲಗಿವೆ, ತೊಲೆಗಳು ಬೋರಲಾಗಿವೆ, ಚಾವಣಿಯ ಇಟ್ಟಿಗೆ ಗಾರೆ ಎಂದೋ ಮಣ್ಣಾಗಿ ಹೋಗಿದೆ. ನೆರಳು ಮಾತ್ರ ಹಾಗೆಯೇ ಉಳಿದಿತ್ತು. ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ಮೂಡಣ ಸಾಲಿನ ನೆರಳು ಕಂಬ, ತೊಲೆ, ಚಾವಣಿ, ಅಂಚಿನ ಸಣ್ಣ ಸಣ್ಣ ಕಳಶಗಳ ಸಮೇತ ಬಂದು ಚಪ್ಪಡಿಗಳ ಮೇಲೆ ಹಾಸಿಕೊಳ್ಳುತ್ತಿತ್ತು. ಹೊತ್ತು ಇಳಿದ ಮೇಲೆ ಪಡುವಣ ಸಾಲಿನದು ಎದುರು ಬದಿಯಿಂದ ಬರುತ್ತಿತ್ತು.

ರಾಜಧಾನಿ ಹಾಳಾದ ಮೇಲೆ ಅಲ್ಲಿ ಉಳಿದವರ ಮಕ್ಕಳು ಮೊಮ್ಮಕ್ಕಳೇ ನಾವು. ನೆರಳು ನೋಡಿಕೊಂಡು ಬಾಳುವುದು ನಮಗೆ ಯಾರೂ ಕಲಿಸಿದ್ದಲ್ಲ. ಸಂತೆ ನೆರಳಿನ ಜೊತೆ ಜರುಗುತ್ತ ಹೋಗುತ್ತದೆ. ಬೆಳಿಗ್ಗೆ ಮೂಡಣದಲ್ಲಿ ಬದನೆಕಾಯಿ ಕೊಂಡವರು ಚೀಲ ಮರೆತಿದ್ದರೆ ಸಂಜೆ ಪಡುವಣದಲ್ಲಿ ಹುಡುಕಬೇಕು. ಮದುವೆಗೆ ಮುಹೂರ್ತ ಇಟ್ಟ ಮೇಲೆ ಹುಡುಗಿಯ ಕಡೆಯವರು ಮೊದಲು ಕೇಳುವುದು, ಆ ಹೊತ್ತಿಗೆ ಸಭಾಮಂಟಪದ ನೆರಳು ಎಷ್ಟು ಪಂಕ್ತಿಯವರೆಗೆ ಬರುತ್ತದೆ ಎಂದು. ಹೊಸದಾಗಿ ವರ್ಗವಾಗಿ ಬಂದ ಪೋಸ್ಟ್ ಮಾಸ್ತರರ ಅಂಗಳದಲ್ಲಿ ಬಟ್ಟೆ ಒಣಗುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ಯಾರೋ ಹೇಳಿದರು, ಅವರ ಹಗ್ಗ ಇದ್ದದ್ದು ಏಳಂತಸ್ತಿನ ಅರಮನೆಯ ನೆರಳಿನಲ್ಲಿ ಎಂದು. ಆ ಅರಮನೆಯ ಮೇಲಿನ ಬಾವುಟದ ನೆರಳು ಗಾಳಿಯಿಲ್ಲದ ದಿನವೂ ಅಲ್ಲಾಡುತ್ತದೆ. ಅರಸರು ಮನೆಯಲ್ಲಿದ್ದಾರೆ ಎಂದು ಮುದುಕಿಯರು ಹೇಳುವುದುಂಟು.

ಇದಕ್ಕೆಲ್ಲ ಇರುವ ಕಟ್ಟು ಒಂದೇ. ಬಿದ್ದ ಕಲ್ಲನ್ನು ಬಿದ್ದಲ್ಲಿಂದ ಸರಿಸಬಾರದು. ಸರಿಸಿದರೆ ಆ ಕಲ್ಲಿನ ಪಾಲಿನ ನೆರಳು ಹೋಗುತ್ತದೆ. ಕಲ್ಲನ್ನು ತಂದು ಅಲ್ಲೇ ಇಟ್ಟರೂ ತಿರುಗಿ ಬರುವುದಿಲ್ಲ. ಪರಸಪ್ಪ ಎಂಬವನು ಅಜ್ಜಂದಿರ ಕಾಲದಲ್ಲಿ ಬಟ್ಟೆ ಒಗೆಯಲು ಒಂದು ಚಪ್ಪಡಿ ಹೊತ್ತೊಯ್ದಿದ್ದ. ಆನೆಲಾಯದ ನೆರಳಿನ ನಟ್ಟನಡುವೆ ಆ ಚಪ್ಪಡಿಯಷ್ಟೇ ಬಿಸಿಲಿನ ಚೌಕ ಇವತ್ತಿಗೂ ಬೀಳುತ್ತದೆ. ಅದಕ್ಕೆ ಪರಸಪ್ಪನ ಕಿಂಡಿ ಎಂದು ಹೆಸರು. ಅವನ ಮೊಮ್ಮಗ ನಿವೃತ್ತ ಹೆಡ್‌ಮಾಸ್ತರ. ಆ ಕಡೆ ಹೋಗುವಾಗ ಈಗಲೂ ಸುತ್ತು ಬಳಸಿ ಹೋಗುತ್ತಾರೆ.

ಅಂಬಿಗೆ ಬಿಸಿಲು ಆಗುವುದಿಲ್ಲ. ಹುಟ್ಟಿದ ಮೂರನೆಯ ತಿಂಗಳಲ್ಲಿ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿದಾಗ ಮೈಯೆಲ್ಲ ಬೊಬ್ಬೆ ಎದ್ದಿತು. ದೊಡ್ಡ ಆಸ್ಪತ್ರೆಯವರು ನೋಡಿ, ಇದು ಚರ್ಮದ ಜೊತೆಗೇ ಬಂದದ್ದು, ವಾಸಿಯಾಗುವುದಲ್ಲ, ಬಿಸಿಲು ತಾಗದಂತೆ ಸಾಕಿರಿ ಎಂದರು. ಬೇರೆ ಊರಾಗಿದ್ದರೆ ಅವಳನ್ನು ಒಳಮನೆಯಲ್ಲಿ ಕೂರಿಸಿಯೇ ಸಾಕಬೇಕಾಗಿತ್ತು. ನಮ್ಮ ಮನೆ ಗಂಧದ ಬೀದಿಯ ತೆಂಕಣ ತುದಿಗೆ, ಶಾಲೆ ಬಡಗಣ ತುದಿಗೆ. ಹೋಗುವಾಗ ಮೂಡಣ ನೆರಳು, ಬರುವಾಗ ಪಡುವಣ ನೆರಳು. ನನ್ನ ಹೆಂಡತಿ ಹುಲಿಗೆವ್ವ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳಾದ್ದರಿಂದ ಬೆಳಕು ಹರಿಯುವ ಮೊದಲೇ ಹೋಗಿರುತ್ತಿದ್ದಳು. ಅಂಬಿ ಎಂಟೂ ಮುಕ್ಕಾಲಿಗೆ ಒಬ್ಬಳೇ ಹೊರಡುತ್ತಿದ್ದಳು, ಎಲ್ಲ ಮಕ್ಕಳ ಹಾಗೆ. ಅಷ್ಟು ಸಾಕಾಗಿತ್ತು ನಮಗೆ.

ನಾನು ಬೋರ್ಡ್ ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಅಂಗಡಿಯವರು ನನ್ನನ್ನು ಕರೆಯುವುದು ನಿಂತಿತು. ಟ್ರ್ಯಾಕ್ಟರ್ ಟ್ರಾಲಿಗಳ ಹಿಂದೆ ದೇವರ ಹೆಸರು ಬರೆದುಕೊಂಡಿದ್ದೆ. ಹೋದ ವರ್ಷ ದೀಪಾವಳಿಯಾದ ಮೇಲೆ ಇಲಾಖೆಯವರು ಗಂಧದ ಬೀದಿಯ ಮೂಡಣ ಸಾಲನ್ನು ಎತ್ತಿ ನಿಲ್ಲಿಸುತ್ತೇವೆ ಎಂದು ಬಂದರು. ಊರಿನವರನ್ನು ಕರೆದು ಸಭೆ ಮಾಡಿದರು. ಒಬ್ಬರೂ ಬೇಡವೆನ್ನಲಿಲ್ಲ. ಮಲಗಿರುವ ಕಂಬಗಳೇ ಇಷ್ಟು ನೆರಳು ಕೊಡುತ್ತಿರುವಾಗ ಎದ್ದು ನಿಂತರೆ ಇನ್ನೆಷ್ಟು ಕೊಟ್ಟಾವು ಎಂದು ಹಿರಿಯರು ಲೆಕ್ಕ ಹಾಕಿದರು. ಪರಸಪ್ಪನ ಕಿಂಡಿ ಎಲ್ಲರ ಕಣ್ಣೆದುರಿಗಿತ್ತು. ಆದರೆ ಪರಸಪ್ಪ ಮಾಡಿದ್ದು ಕಳವು, ಸರಕಾರದವರು ಮಾಡುತ್ತಿರುವುದು ಉದ್ಧಾರ, ಅದೂ ಇದೂ ಒಂದಾದೀತೆ ಎಂದುಕೊಂಡೆವು. ನಾನೂ ಹಾಗೆಯೇ ಅಂದುಕೊಂಡೆ. ನನಗೆ ಕಲ್ಲುಗಳಿಗೆ ನಂಬರು ಬರೆಯುವ ಕೆಲಸ ಸಿಕ್ಕಿತ್ತು.

ಕೆಲಸದ ರೀತಿ ಹೀಗೆ. ಒಂದೊಂದು ಕಲ್ಲಿಗೂ ಕೆಂಪು ಬಣ್ಣದಲ್ಲಿ ನಂಬರು ಹಾಕಬೇಕು, ರಿಜಿಸ್ಟರಿನಲ್ಲಿ ಅದು ಕಂಬವೋ ತೊಲೆಯೋ ಪೀಠವೋ ಬರೆಯಬೇಕು. ನಂಬರಿಲ್ಲದ ಕಲ್ಲನ್ನು ಯಾರೂ ಎತ್ತುವಂತಿಲ್ಲ. ಕೆತ್ತನೆಯಿಲ್ಲದ ಬರೀ ಬಂಡೆಯಾದರೆ ಬಂಡೆ ಎಂದು ಬರೆದು ಬಿಟ್ಟುಬಿಡಬೇಕು. ನಂಬರು ಬಿದ್ದ ಕಲ್ಲುಗಳನ್ನು ದಾವಲಸಾಬ ಮೇಸ್ತ್ರಿಯ ಗ್ಯಾಂಗಿನವರು ಚೈನು ಕಟ್ಟಿ ಎತ್ತಿ ತೊಳೆದು, ಕಂಬಗಳನ್ನು ಅವುಗಳ ಪೀಠದ ಮೇಲೆ ನಿಲ್ಲಿಸುತ್ತಿದ್ದರು. ಮೊದಲು ಕಂಬಗಳೆಲ್ಲ ನಿಲ್ಲಲಿ, ತೊಲೆಗಳನ್ನು ಬದಿಗೆ ಎತ್ತಿಟ್ಟು ಕೊನೆಗೆ ಒಟ್ಟಿಗೆ ಏರಿಸೋಣ ಎಂದು ಎಂಜಿನಿಯರ್ ಪದ್ಮರಾಜರು ಹೇಳಿದ್ದರು.

ನಮ್ಮ ಮನೆಯ ಕಡೆಯಿಂದಲೇ ಕೆಲಸ ಶುರುವಾಯಿತು. ಮೊದಲ ಹನ್ನೆರಡು ಕಂಬ ಎದ್ದು ನಿಂತ ಮರುದಿನ ಬೆಳಿಗ್ಗೆ ಅಂಬಿ ಬಾಗಿಲಲ್ಲೇ ನಿಂತಿದ್ದಳು. ಎದುರಿಗೆ ಬಯಲೋ ಬಯಲು. ಕಂಬಗಳ ನೆರಳು ಹನ್ನೆರಡು ಗೆರೆಗಳ ಹಾಗೆ ಬಿದ್ದಿತ್ತು, ನಡುವೆಲ್ಲ ಬಿಸಿಲು. ಚಾವಣಿಯ ನೆರಳು ಹೋಗಿಬಿಟ್ಟಿತ್ತು. ಅದು ತೊಲೆಗಳ ಪಾಲಿನದು ಎಂದು ನನಗೆ ಆಗ ಹೊಳೆಯಿತು. ಚಾವಣಿ ಕೂತಿದ್ದುದು ತೊಲೆಗಳ ಮೇಲಲ್ಲವೆ. ಅಂಬಿ ಛತ್ರಿ ಹಿಡಿದು ಅಷ್ಟು ದೂರ ಓಡಿದಳು. ಛತ್ರಿ ಮೇಲಿನ ಬಿಸಿಲನ್ನು ತಡೆಯುತ್ತದೆ, ಚಪ್ಪಡಿಯಿಂದ ಮೇಲೆದ್ದು ಬರುವ ಝಳವನ್ನು ತಡೆಯುವುದಿಲ್ಲ. ಸಂಜೆ ಅವಳ ಗದ್ದದ ಕೆಳಗೆ, ಮುಂಗೈ ಮೇಲೆ ಬೊಬ್ಬೆಗಳಿದ್ದವು. ಹುಲಿಗೆವ್ವ ಬೆಣ್ಣೆ ಸವರುತ್ತ ನನ್ನ ಕಡೆ ನೋಡಲಿಲ್ಲ. ನನ್ನ ಉಗುರುಗಳಲ್ಲಿ ಕೆಂಪು ಬಣ್ಣವಿತ್ತು.

ಆ ಬೀದಿಗೆ ಆಟೋ ಬಿಡುವುದಿಲ್ಲ. ಕೋಟೆ ಸುತ್ತಿ ಬರುವ ದಾರಿ ಎರಡು ಹರದಾರಿ, ಅಲ್ಲೂ ಬಿಸಿಲೇ. ಇನ್ನೂ ತೊಂಬತ್ತು ಕಂಬಗಳ ಬೀದಿ ಉಳಿದಿತ್ತು. ನಾನು ಮರುದಿನದಿಂದ ಒಂದು ಕೆಲಸ ಮಾಡಿದೆ. ಕಂಬಗಳನ್ನು ಬಚ್ಚಿಡುವ ಹಾಗಿರಲಿಲ್ಲ, ಕೆತ್ತನೆ ದೂರದಿಂದಲೇ ಕಾಣುತ್ತಿತ್ತು. ತೊಲೆಗಳು ಬೋರಲು ಬಿದ್ದಿದ್ದವು. ಬೆನ್ನು ನುಣುಪಾಗಿ, ಅರ್ಧ ಮಣ್ಣಲ್ಲಿ ಹೂತು, ಬಂಡೆಯ ಹಾಗೇ ಇದ್ದವು. ಅವುಗಳ ಮುಂದೆ ಬಂಡೆ ಎಂದು ಬರೆದೆ. ಚಳಿಗಾಲ ಮುಗಿಯುವಷ್ಟರಲ್ಲಿ ಅಂತಹ ಬಂಡೆಗಳು ಎಂಬತ್ತಾರು ಆದವು.

ಕಂಬಗಳು ಒಂದಾದ ಮೇಲೊಂದು ಎದ್ದವು. ಎದ್ದ ಕಂಬದ ಹಳೆಯ ನೆರಳು ಹೋದರೂ ತೊಲೆ ಚಾವಣಿಗಳ ನೆರಳು ಉಳಿಯಿತು. ಅಂಬಿ ಮೊದಲ ಹನ್ನೆರಡು ಕಂಬ ಓಡುತ್ತಿದ್ದಳು, ಉಳಿದದ್ದನ್ನು ನಡೆಯುತ್ತಿದ್ದಳು. ಸಂತೆಯವರೂ ಅಲ್ಲೇ ಒತ್ತಿಕೊಂಡು ಕೂತರು. ಪದ್ಮರಾಜರು ಕರಾವಳಿ ಕಡೆಯವರು. ದಿನಾ ಆ ಚಾವಣಿಯ ನೆರಳಿನಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಒಂದು ದಿನ ಕೈ ತೊಳೆದುಕೊಳ್ಳುತ್ತ, ಇಷ್ಟು ದೊಡ್ಡ ಊರಿನಲ್ಲಿ ಒಂದೇ ಒಂದು ಮರವಿಲ್ಲವಲ್ಲ ಎಂದು ಕೇಳಿದರು. ನಾವು ಐದಾರು ಮಂದಿ ಇದ್ದೆವು. ಸುತ್ತ ನೋಡಿದೆವು. ಅದುವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ.

ಗಾಳಿ ಏಳುವ ಮೊದಲು ನಿಂತ ಕಂಬಗಳಿಗಾದರೂ ಏರಿಸೋಣವೆಂದರೆ ತೊಲೆಗಳೇ ಕಡಿಮೆ ಬಿದ್ದವು ಎಂದು ದಾವಲಸಾಬ ಮೇಸ್ತ್ರಿ ಹೇಳುತ್ತಲೇ ಇದ್ದ. ಮೂವತ್ತು ವರ್ಷ ಕಲ್ಲು ಎತ್ತಿದ ಮನುಷ್ಯ. ಕಂಬ ಎಷ್ಟು ನೆಟ್ಟಗೆ ನಿಂತರೂ ತಲೆಯ ಮೇಲೆ ತೊಲೆ ಕೂರದೆ ಅದು ಕಂಬವಲ್ಲ ಎನ್ನುತ್ತಿದ್ದ. ಪದ್ಮರಾಜರು ರಿಜಿಸ್ಟರು ತಿರುವಿ ಹಾಕಿ, ಹೊಸ ತೊಲೆಗಳಿಗೆ ಬರೆದಿದ್ದೇನೆ, ಮಂಜೂರಾಗಿ ಬರಲು ಒಂದು ವರ್ಷವಾದರೂ ಬೇಕು ಎಂದರು. ಒಂದು ವರ್ಷ ಎಂದರೆ ನನಗೆ ಅಂಬಿ ಏಳನೆಯ ತರಗತಿ ಮುಗಿಸುವವರೆಗೆ ನೆರಳು. ನಾನು ಬ್ರಷ್ಷು ತೊಳೆಯುತ್ತ ಹೋದೆ.

ಶಿವರಾತ್ರಿಯಾಗಿ ಹತ್ತು ದಿನಕ್ಕೆ ಗಾಳಿ ಎದ್ದಿತು. ಪ್ರತಿವರ್ಷ ಏಳುವ ಗಾಳಿಯೇ. ಬೆಳಿಗ್ಗೆ ಒಂಬತ್ತೂವರೆ ಇರಬಹುದು, ನಾನು ಬಡಗಣ ತುದಿಯಲ್ಲಿ ಪೀಠಗಳಿಗೆ ನಂಬರು ಹಾಕುತ್ತಿದ್ದೆ. ಕಾಲ ಕೆಳಗಿನ ಚಪ್ಪಡಿ ಅದುರಿತು. ಆಮೇಲೆ ಸದ್ದು ಬಂತು. ಓಡಿಹೋದೆ. ಇಪ್ಪತ್ತೇಳನೆಯ ಕಂಬ ಬೀದಿಗೆ ಅಡ್ಡ ಬಿದ್ದು ಮೂರು ತುಂಡಾಗಿತ್ತು. ಅದರ ಕೆಳಗೆ ವೀಳ್ಯದೆಲೆಯ ಬುಟ್ಟಿ, ಒಂದು ಚಾಪೆ. ಎಲೆ ಮಾರುವ ಸಂಕಮ್ಮ ದಿನಾ ಕೂರುವ ಜಾಗ ಅದು. ಅಷ್ಟರಲ್ಲಿ ಬೋರಿಂಗಿನ ಕಡೆಯಿಂದ ಸಂಕಮ್ಮ ತುಂಬಿದ ಕೊಡ ಹಿಡಿದು ಬಂದಳು, ನಮ್ಮನ್ನೆಲ್ಲ ನೋಡಿದಳು, ಬುಟ್ಟಿ ನೋಡಿದಳು, ಕೊಡವನ್ನು ಇಳಿಸಿ ಅದರ ಪಕ್ಕದಲ್ಲೇ ಕೂತುಬಿಟ್ಟಳು.

ನನ್ನ ಕಣ್ಣು ಹೋದದ್ದು ಬೇರೆ ಕಡೆ. ಅರ್ಧ ತಾಸಿನ ಹಿಂದೆ ಅಂಬಿ ಇದೇ ಚಪ್ಪಡಿ ದಾಟಿ ಹೋಗಿದ್ದಳು. ಮುಂದೆಯೂ ಹಿಂದೆಯೂ ಕಂಬಗಳು ಬರೀ ತಲೆಯಲ್ಲಿ ನಿಂತಿದ್ದವು. ನಾನು ನಿಂತಲ್ಲೇ ಎಣಿಸಿದೆ. ಅವಳ ದಾರಿಯಲ್ಲಿ ಇನ್ನೂ ಅರವತ್ತಕ್ಕಿಂತ ಹೆಚ್ಚು ಇದ್ದವು.

ದಾವಲಸಾಬ ನನ್ನ ತೋಳು ಹಿಡಿದು ಮಣ್ಣಗುಡ್ಡೆಯ ಹಿಂದಕ್ಕೆ ಕರೆದೊಯ್ದ. ಅಲ್ಲೊಂದು ತೊಲೆ ಬೋರಲು ಬಿದ್ದಿತ್ತು. ಕಾಲಿನಿಂದ ಅದರ ಅಂಚಿನ ಮಣ್ಣು ಸರಿಸಿದ. ಕಂಬದ ತಲೆ ಕೂರುವ ಕುಳಿ ಕಾಣಿಸಿತು, ಚೌಕವಾಗಿ, ನಿನ್ನೆ ಕೊರೆದಂತೆ.

"ಇದಕ್ಕೇನಂತ ಬರದೀ?" ಎಂದ.

ನಾನು ಬಂಡೆ ಎಂದೆ.

"ಮೊದಲನೇ ದಿನಾನ ಗೊತ್ತಾಗಿತ್ತು ನನಗ. ಬೋರಲ ಬಿದ್ರೂ ತೊಲಿ ತೊಲೀನ. ಅಂಬವ್ವನ ಕೈ ನೋಡಿದ್ದೆ, ಅದಕ್ಕ ಬಾಯಿ ಮುಚಿಗೊಂಡೆ." ಅವನು ಕೂತು ಕುಳಿಯೊಳಗಿನ ಮಣ್ಣನ್ನು ಬೆರಳಿನಿಂದ ತೆಗೆಯತೊಡಗಿದ. "ನೀ ಬರದೀ, ನಾ ಸುಮ್ಮನಿದ್ದೆ. ಇಬ್ಬರೂ ಸೇರಿ ಸಂಕವ್ವನ್ನ ಕೊಲ್ಲತಿದ್ವಿ ಇವತ್ತು. ಈಗ ಒಂದು ಹೇಳು ಯಮನೂರಿ. ಮಗಳ ನೆಳ್ಳು ಕಾಯತೀಯೋ, ಮಗಳ ತಲಿ ಕಾಯತೀಯೋ?"

ಅವನು ಎದ್ದು ಗ್ಯಾಂಗಿನ ಕಡೆ ಹೋದ. ನಾನು ರಿಜಿಸ್ಟರು ತೆಗೆದುಕೊಂಡು ಪದ್ಮರಾಜರ ಡೇರೆಗೆ ಹೋದೆ. ಎಂಬತ್ತಾರು ಸಾಲುಗಳನ್ನೂ ಒಂದೊಂದಾಗಿ ತೋರಿಸಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ಒತ್ತಿಕೊಂಡರು. ಮೇಸ್ತ್ರಿಯ ಮೇಲೆ ಆಗಲೇ ಮೇಲಿನವರಿಗೆ ಬರೆಯಲು ಕೂತಿದ್ದರಂತೆ. ಆ ಕಾಗದ ಮೇಜಿನ ಮೇಲಿತ್ತು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರು. ಹೇಳಿದೆ.

"ನೆರಳು ಹೋಗ್ತದೆ ಅಂತ ನನಗೂ ಗೊತ್ತುಂಟು ಯಮನೂರಪ್ಪ," ಎಂದರು. "ನಾನೂ ಅಲ್ಲೇ ಕೂತು ಉಣ್ಣುವವ. ಆದ್ರೆ ಅದನ್ನು ಎಲ್ಲಿ ಬರೆಯುವುದು? ಕಲ್ಲಿಗೆ ಕಾಲಂ ಉಂಟು, ಗಾರೆಗೆ ಉಂಟು."

ಮೇಸ್ತ್ರಿಯ ಮೇಲಿನ ಕಾಗದವನ್ನು ಹರಿದರು. ಎಂಬತ್ತಾರು ಕಲ್ಲುಗಳಿಗೂ ನೀವೇ ನಂಬರು ಹಾಕಿ ಮುಗಿಸಿ, ಆಮೇಲೆ ಬ್ರಷ್ಷು ಇಲ್ಲಿ ತಂದಿಡಿ ಎಂದರು. ತಂದಿಟ್ಟ ಮೇಲೆ ನನಗೆ ಸಿಕ್ಕಿದ್ದು ಗಾರೆ ಕಲಸುವ ಕೆಲಸ. ಅದರ ಬಗ್ಗೆ ದೂರಿಲ್ಲ.

ಹುಲಿಗೆವ್ವನಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಶಾಲೆ ಬಿಡಿಸಿದರೆ ಅಂಬಿಯೂ ಅಡುಗೆಕೋಣೆಯಲ್ಲಿ ನನ್ನ ಹಾಗೇ ಹೊಗೆ ಕುಡಿಯುತ್ತಾಳೆ, ಅದೇನು ದೊಡ್ಡದು ಎಂದಳು. ಆಮೇಲೆ ಮೊರವನ್ನು ಬದಿಗಿಟ್ಟು ಒಳಗೆ ಹೋದಳು. ಅಂಬಿಗೆ ಹೇಳುವುದು ನನಗೆ ಉಳಿಯಿತು.

ಭಾನುವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋದೆ. ಬೀದಿಗೆ ಹಗ್ಗ ಕಟ್ಟಿದ್ದರು, ಕಂಬಗಳಿಗೆಲ್ಲ ಬೊಂಬಿನ ಊರುಗೋಲು ಕೊಟ್ಟಿದ್ದರು. ಚಾವಣಿಯ ನೆರಳು ಹಾಸಿತ್ತು. ಅವಳು ರಿಜಿಸ್ಟರು ಹಿಡಿದುಕೊಂಡು ನೆರಳಿನೊಳಗೆ ನಿಂತಳು, ನಾನು ಮೊದಲ ತೊಲೆಯ ಬೆನ್ನಿನ ಮಣ್ಣು ಕೆರೆದೆ. ಅವಳಿಗೆ ಎಲ್ಲ ಗೊತ್ತಾಗಿತ್ತು. ಶಾಲೆಯಲ್ಲಿ ಮಾತಾಡಿಕೊಂಡಿದ್ದರಂತೆ.

"ಯಪ್ಪಾ, ಸಂಕಮ್ಮಾಯಿ ನೀರಿಗೆ ಹೋಗಿರಲಿಲ್ಲ ಅಂದ್ರ?" ಎಂದು ಕೇಳಿದಳು.

ನಾನು ಬ್ರಷ್ಷು ಅದ್ದಿದೆ.

"ನನಗೋಸ್ಕರ ಅಂತ ಹೇಳಬ್ಯಾಡ ಯಾರಿಗೂ. ನಾ ಕೇಳಿದ್ದಿಲ್ಲ."

ಹನ್ನೊಂದು ವರ್ಷದ ಹುಡುಗಿ. ಆ ಮಾತನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ, ತಪ್ಪು ಲೆಕ್ಕವನ್ನು ತಿದ್ದುವ ಹಾಗೆ ಹೇಳಿದಳು. ಆಮೇಲೆ ರಿಜಿಸ್ಟರು ತೆರೆದು ಮುಂದಿನ ನಂಬರು ಓದಿದಳು. ನಾನು ಬರೆದೆ. ಅವಳು ಓದುತ್ತ ಹೋದಳು, ನಾನು ಬರೆಯುತ್ತ ಹೋದೆ. ಹೊತ್ತೇರಿ ನೆರಳು ಕಿರಿದಾಗುತ್ತಿದ್ದಂತೆ ಅವಳು ಹಿಂದೆ ಹಿಂದೆ ಸರಿದಳು. ಬಂಡೆ ಎಂಬ ಪದವಿದ್ದಲ್ಲೆಲ್ಲ ಅಡ್ಡಗೆರೆ ಎಳೆದು ತೊಲೆ ಎಂದು ಬರೆದವಳು ಅವಳೇ. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿದೆ.

ಮಾರನೆಯ ದಿನದಿಂದ ದಾವಲಸಾಬನ ಗ್ಯಾಂಗು ತೊಲೆಗಳನ್ನು ಎತ್ತಿತು. ಒಂದೊಂದು ತೊಲೆ ನೆಲ ಬಿಟ್ಟು ಏಳುತ್ತಿದ್ದಂತೆ ಅದರ ಪಾಲಿನ ಚಾವಣಿ ಹೋಗುತ್ತಿತ್ತು, ಕಳಶ ಹೋಗುತ್ತಿತ್ತು; ದೀಪ ಆರಿದ ಹಾಗಲ್ಲ, ಹಚ್ಚಿದ ಹಾಗೆ. ಸಂತೆಯವರು ಬುಟ್ಟಿ ಎತ್ತಿಕೊಂಡು ಮುಂದೆ ಮುಂದೆ ಸರಿದರು. ಆರು ದಿನಕ್ಕೆ ಮುಂದೆ ಎನ್ನುವುದು ಮುಗಿಯಿತು. ಅಷ್ಟರಲ್ಲಿ ವಿಷಯ ಊರಿಗೆಲ್ಲ ತಿಳಿದಿತ್ತು. ಸಂಕಮ್ಮ ಹೊಸ ಬುಟ್ಟಿ ಇಟ್ಟುಕೊಂಡು ಕಟ್ಟಡದ ಇಟ್ಟಿಗೆಯ ರಾಶಿಯ ಮರೆಯಲ್ಲಿ ಕೂತಿದ್ದಳು. ನಾನು ಗಾರೆಯ ಬಾಣಲೆ ಹೊತ್ತು ಹೋಗುವಾಗ, "ಮಗಳ ನೆಳ್ಳಿಗೆ ನನ್ನ ತಲಿ ಒತ್ತೆ ಇಟ್ಟಿದ್ದೆಲ್ಲೋ," ಎಂದಳು. ಎರಡು ಸಲ ಎದುರಾದಾಗಲೂ ಅದನ್ನೇ ಹೇಳಿದಳು, ಮೂರನೆಯ ಸಲ ಮುಖ ತಿರುಗಿಸಿದಳು. ಅದು ಹೆಚ್ಚು ಕಷ್ಟವಾಯಿತು.

ಮೂರು ತುಂಡಾಗಿದ್ದ ಇಪ್ಪತ್ತೇಳನೆಯ ಕಂಬವನ್ನೂ ಸರಳು ಹಾಕಿ ಬೆಸೆದು ನಿಲ್ಲಿಸಿದರು. ತೊಲೆಗಳು ಕಂಬಗಳ ಮೇಲೆ ಕೂತವು. ದಾವಲಸಾಬ ಕೊನೆಯ ತೊಲೆಯ ಕೆಳಗೆ ಸೀಸದ ತಗಡು ಇಟ್ಟು ಬಡಿದು, ಇಳಿದು ಬಂದು, ಭುಜದಿಂದ ಒಂದು ಕಂಬವನ್ನು ನೂಕಿ ನೋಡಿದ. ಇನ್ನು ಐದುನೂರು ವರ್ಷ ಎಂದ. ಪದ್ಮರಾಜರು ಫೋಟೊ ತೆಗೆಸಿದರು. ಬೀದಿ ಚೆನ್ನಾಗಿಯೇ ಕಾಣುತ್ತಿತ್ತು. ಅಂಬಿ ಹನ್ನೆರಡು ದಿನದಿಂದ ಶಾಲೆಗೆ ಹೋಗಿರಲಿಲ್ಲ.

ಹದಿಮೂರನೆಯ ದಿನ ಅವಳೇ ಎದ್ದು ಜಡೆ ಹಾಕಿಸಿಕೊಂಡಳು. ಹುಲಿಗೆವ್ವ ಅವತ್ತು ಅಡುಗೆಗೆ ಬೇರೆಯವರನ್ನು ಕಳಿಸಿ ಮನೆಯಲ್ಲೇ ಇದ್ದಳು. ತುಂಬುತೋಳಿನ ಅಂಗಿ, ತಲೆಗೆ ಸೆರಗಿನ ತುಂಡು, ಛತ್ರಿ. ಎಂಟೂ ಮುಕ್ಕಾಲಿಗೆ ಬಾಗಿಲು ತೆರೆದೆವು. ಬೀದಿಯೆಲ್ಲ ಬಿಸಿಲು. ಆ ಬಿಸಿಲಿನ ನಡುವೆ ಮೇಲಿನ ತೊಲೆಗಳ ನೆರಳು ತೆಂಕಣದಿಂದ ಬಡಗಣಕ್ಕೆ ಒಂದೇ ಪಟ್ಟಿಯಾಗಿ ಬಿದ್ದಿತ್ತು. ಒಂದು ಮೊಳ ಅಗಲ ಇರಬಹುದು. ಆ ಪಟ್ಟಿಯಲ್ಲಿ, ಮೊದಲಿನಿಂದ ಕೊನೆಯವರೆಗೆ, ಸಂತೆಯವರು ಒಬ್ಬರ ಹಿಂದೆ ಒಬ್ಬರು ಮೊಣಕಾಲು ಮಡಚಿಕೊಂಡು ಕೂತಿದ್ದರು. ಬುಟ್ಟಿಗಳು ಬಿಸಿಲಲ್ಲಿದ್ದವು, ಮನುಷ್ಯರು ನೆರಳಲ್ಲಿದ್ದರು. ಕಾಲಿಡಲು ಜಾಗವಿರಲಿಲ್ಲ.

ಅಂಬಿ ಛತ್ರಿ ಓರೆ ಹಿಡಿದು ಪಟ್ಟಿಯ ತುದಿಯಲ್ಲಿ ನಿಂತಳು. ಮೊದಲಿಗೆ ಕೂತಿದ್ದವನು ಬೆಳ್ಳುಳ್ಳಿಯವನು. ಅವನು ತಿರುಗಿ ನೋಡಿದ, ಏನೂ ಹೇಳದೆ ಎದ್ದು ಬಿಸಿಲಿಗೆ ಸರಿದ. ಅವಳು ಅವನ ಜಾಗ ದಾಟಿದ ಮೇಲೆ ಮತ್ತೆ ಕೂತ. ಆಮೇಲೆ ಬಳೆಯವಳು. ಆಮೇಲೆ ಇಬ್ಬರು ಅಣ್ಣತಮ್ಮಂದಿರು, ಬೆಲ್ಲದವರು. ಒಬ್ಬೊಬ್ಬರಾಗಿ ಏಳುತ್ತ ಹೋದರು. ಅಂಬಿ ಹೊಲದ ಬದುವಿನ ಮೇಲೆ ನಡೆಯುವ ಹಾಗೆ ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು ನಡೆದಳು. ಎಡಗೈ ಸ್ವಲ್ಪ ಹೊರಗೆ ಉಳಿಯುತ್ತಿತ್ತು. ಅವಳು ಅದನ್ನು ಎದೆಗೆ ಒತ್ತಿ ಹಿಡಿದಳು. ನಾನು ಬೀದಿಯ ಇನ್ನೊಂದು ಬದಿಯಿಂದ, ಬಿಸಿಲಿನಲ್ಲಿ, ಅವಳ ಜೊತೆ ಜೊತೆಗೆ ನಡೆದೆ.

ಇಪ್ಪತ್ತೇಳನೆಯ ಕಂಬದ ಹತ್ತಿರ ಅವಳು ನಿಂತಳು. ಸಂಕಮ್ಮ ಎದ್ದಿರಲಿಲ್ಲ. ಎಲೆ ಒರೆಸಿ ಒಂದರ ಮೇಲೊಂದು ಜೋಡಿಸುತ್ತಿದ್ದಳು. ಅಂಬಿ ಆಯೀ ಎಂದು ಕರೆಯಲಿಲ್ಲ, ದಾರಿ ಬಿಡೆಂದು ಕೇಳಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಎರಡೂ ಬದಿಗೆ ಬಿಸಿಲಿತ್ತು. ಶಾಲೆಯ ಗಂಟೆ ಬಡಿಯುತ್ತಿತ್ತು. ಹಿಂದೆ ಎದ್ದಿದ್ದವರೂ ಮುಂದೆ ಏಳಬೇಕಾದವರೂ ಸಂಕಮ್ಮನನ್ನೇ ನೋಡುತ್ತಿದ್ದರು. ಅವಳು ನೋಡಿದ್ದು ನನ್ನನ್ನು. ಬಹಳ ಹೊತ್ತು ನೋಡಿದಳು. ನಾನು ಕಣ್ಣು ತೆಗೆಯಲಿಲ್ಲ. ನೋಡುವಷ್ಟು ನೋಡಲಿ ಎಂದು ನಿಂತೆ.

ಕೊನೆಗೆ ಅವಳು ಕೈಯಲ್ಲಿದ್ದ ಎಲೆ ಕೆಳಗಿಟ್ಟಳು. ಅಂಬಿಯ ತೋಳು ಹಿಡಿದು, ಆ ಹಿಡಿತದ ಮೇಲೆಯೇ ಭಾರ ಬಿಟ್ಟು, ಮೊಣಕಾಲು ಸದ್ದು ಮಾಡುತ್ತ ಎದ್ದಳು.

"ಬೆಳದಿ ನೀನು," ಎಂದಳು. "ಮುಂದಿನ ವರ್ಷ ಇದರಾಗ ಹಿಡಿಯೂದಿಲ್ಲ."

ಅಂಬಿ ಹೂಂ ಎಂದಳು.

"ಹೋಗು. ಗಂಟಿ ಮುಗೀತು."

ಅಂಬಿ ದಾಟಿದಳು. ಸಂಕಮ್ಮ ಹಣೆಗೆ ಕೈ ಅಡ್ಡ ಹಿಡಿದು ಬಿಸಿಲಿನಲ್ಲೇ ನಿಂತಳು. ಮುಂದೆ ಸಾಲಿನಲ್ಲಿ ಒಬ್ಬರಾದ ಮೇಲೊಬ್ಬರು ಏಳುವುದು, ಕೂರುವುದು ಕಾಣುತ್ತಿತ್ತು. ಅದು ಬಡಗಣ ತುದಿ ಮುಟ್ಟುವವರೆಗೆ ಅವಳು ಕೂರಲಿಲ್ಲ.